ಮಾತಿಲ್ಲದ ರಂಗ, ನಾದವೇ ಕಥೆ: ಕಾರಂತರ ಗೀತನಾಟಕದಿಂದ ಯಕ್ಷರಂಗದವರೆಗೆ

ಕುಂದಾಪುರ: ಮಾತಿನ ನೆರವಿಲ್ಲದೆ ಕೇವಲ ಹಾಡು, ವಾದ್ಯ, ಅಭಿನಯಗಳಿಂದ ಕಥೆ ಹೇಳಲು ಸಾಧ್ಯವೇ? ಕರಾವಳಿಯಲ್ಲಿ ಈ ಪ್ರಶ್ನೆಯನ್ನು ಜೀವನವಿಡೀ ಬೆನ್ನಟ್ಟಿದವರು ಡಾ. ಕೆ. ಶಿವರಾಮ ಕಾರಂತರು (1902-1997). ಅವರ ಹುಟ್ಟೂರು ಕೋಟ ಇಂದು ಬ್ರಹ್ಮಾವರ ತಾಲೂಕಿಗೆ ಸೇರಿದೆ.

ಕನ್ನಡಕ್ಕೆ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ. ಅದಕ್ಕೂ ಮುನ್ನ, 1930ರ ಆಸುಪಾಸಿನಲ್ಲಿ, ಕಾರಂತರು 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ತಯಾರಿಸಿದ್ದರು.

ತೆರೆಯ ಮೇಲೆ ಮಾತನ್ನು ಬಿಟ್ಟವರು ರಂಗದಲ್ಲಿ ಹಾಡನ್ನು ಹಿಡಿದರು. 1600ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ರೂಪುಗೊಂಡ ಒಪೆರಾದಲ್ಲಿ ನಾಟಕದ ಕಥೆ ಸಾಗುವುದು ಗಾಯನದಿಂದ. ಇದೇ ಬಗೆಯಲ್ಲಿ ಕಾರಂತರು 'ಕಿಸಾಗೋತಮಿ' ಮೊದಲಾದ ಗೀತನಾಟಕಗಳನ್ನು ರಚಿಸಿದರು. ಸತ್ತ ಮಗುವನ್ನೆತ್ತಿಕೊಂಡು ಸಾವು ಕಾಣದ ಮನೆಯ ಸಾಸಿವೆಗಾಗಿ ಅಲೆಯುವ ತಾಯಿಯ ಬೌದ್ಧ ಕಥೆ ಅದು. ಇಂಥ ದುಃಖಕ್ಕೆ ಸಂಭಾಷಣೆಗಿಂತ ರಾಗವೇ ಹತ್ತಿರ.

ಮುಂದೆ ಅವರ ಗಮನ ಬಡಗುತಿಟ್ಟು ಯಕ್ಷಗಾನದತ್ತ ಹರಿಯಿತು. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಬಯಲಾಟವನ್ನು ಬಲ್ಲವರಿಗೆ ಅದರ ಕ್ರಮ ಪರಿಚಿತ: ಭಾಗವತರು ಪದ ಹಾಡುತ್ತಾರೆ, ಮದ್ದಲೆ ಚಂಡೆಗಳಿಗೆ ವೇಷಧಾರಿ ಕುಣಿಯುತ್ತಾನೆ, ಬಳಿಕ ಆ ಪದದ ಅರ್ಥವನ್ನು ಆಶುವಾಗಿ ಮಾತಿನಲ್ಲಿ ವಿಸ್ತರಿಸುತ್ತಾನೆ. ಕಾರಂತರು ತಮ್ಮ 'ಯಕ್ಷರಂಗ'ದಲ್ಲಿ ಈ ಮಾತನ್ನೇ ಕೈಬಿಟ್ಟರು. ಇಡೀ ರಾತ್ರಿಯ ಆಟ ಕೆಲವೇ ಗಂಟೆಗಳ ಪ್ರದರ್ಶನವಾಯಿತು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ಸೇರಿದವು. 'ಅಭಿಮನ್ಯು ವಧೆ'ಯಂತಹ ಪ್ರಸಂಗದಲ್ಲಿ ರೋಷವನ್ನೂ ಶೋಕವನ್ನೂ ಹೇಳುವ ಹೊಣೆ ಪೂರ್ತಿಯಾಗಿ ನಾದ ಮತ್ತು ನೃತ್ಯದ ಮೇಲೆ ಬಿತ್ತು.

ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಕನ್ನಡವರಿಯದ ಪ್ರೇಕ್ಷಕರಿಗೂ ಕಥೆ ತಲುಪಿತು; ತಂಡ ವಿದೇಶಗಳಲ್ಲೂ ಪ್ರದರ್ಶನ ನೀಡಿತು. ಆದರೆ ಅರ್ಥಗಾರಿಕೆಯೇ ಯಕ್ಷಗಾನದ ಅರ್ಧ ಪ್ರಾಣವೆಂದು ನಂಬಿದವರಿಗೆ ಇದು ಒಪ್ಪಿಗೆಯಾಗಲಿಲ್ಲ. ವಾದದ ಚತುರತೆ, ಸಮಯಸ್ಫೂರ್ತಿಯ ಹಾಸ್ಯ, ಪಾತ್ರಕ್ಕೆ ಕಲಾವಿದ ಕೊಡುವ ಸ್ವಂತ ವ್ಯಾಖ್ಯಾನ, ಇವುಗಳಿಗೆ ಯಕ್ಷರಂಗದಲ್ಲಿ ಎಡೆಯಿಲ್ಲ.

ಕಾರಂತರದೇ ಕಾದಂಬರಿಯನ್ನಾಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ 'ಚೋಮನ ದುಡಿ' (1975) ಸ್ವರ್ಣಕಮಲ ಪಡೆಯಿತು. ಅಲ್ಲಿ ಮಾತಿದೆ, ಆದರೂ ಚೋಮನ ಒಡಲ ಸಂಕಟ ಹೊರಬೀಳುವುದು ಅವನ ದುಡಿಯ ಬಡಿತದಲ್ಲೇ.

ಬಯಲಾಟದ ಮೇಳಗಳು ಇಂದಿಗೂ ಅರ್ಥಗಾರಿಕೆಯನ್ನು ಬಿಟ್ಟಿಲ್ಲ. ಕಾರಂತರ ಪ್ರಯೋಗ ಪರಂಪರೆಯ ಜಾಗವನ್ನು ಆಕ್ರಮಿಸಲಿಲ್ಲ. ಹಿಮ್ಮೇಳವೊಂದೇ ಎಷ್ಟು ಭಾರ ಹೊರಬಲ್ಲದೆಂಬುದನ್ನು ತೋರಿಸಿಕೊಟ್ಟಿತು.