ಓಡಿ ನಿಂತ ಮೇಲೆ ಏನಾಗುತ್ತೆ?

ನವಲಗುಂದ ರಸ್ತೆ. ಬೆಳಗ್ಗೆ ಐದೂವರೆ. ವರದಿಗೆಂದು ಹೊರಟಿದ್ದ ನಮ್ಮ ಗಾಡಿ ಚಹಾ ಅಂಗಡಿ ಮುಂದೆ ನಿಂತಿತ್ತು. ಎದುರಿಗೆ ಏಳೆಂಟು ಹುಡುಗರು ಓಡುತ್ತಿದ್ದರು. ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ತಯಾರಿ. ಎಂಟು ಕರೆಂಟ್ ಕಂಬದಷ್ಟು ದೂರ ಬಿರುಸಾಗಿ ಓಡೋದು, ಸ್ವಲ್ಪ ನಡೆಯೋದು, ಮತ್ತೆ ಓಡೋದು. ಕೊನೆಯ ಸುತ್ತು ಮುಗಿಸಿದ ಒಬ್ಬ ಹುಡುಗ ನಿಂತಲ್ಲೇ ತೂರಾಡಿ ಕುಸಿದು ಕೂತ.

"ಯಾಕೋ ತಮ್ಮಾ, ಏನಾತು?" ಅಂದೆ.

"ಏನಿಲ್ರೀ ಸರ, ಕಣ್ಣಿಗೆ ಕತ್ತಲಿ ಬಂದಂಗಾತು."

ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು ತೀರ್ಪು ಕೊಟ್ಟೇಬಿಟ್ಟರು: "ಬಿ.ಪಿ. ಲೋ ಆಗೇತ್ರಿ. ಇಷ್ಟು ಓಡಬ್ಯಾಡ್ರೋ ಅಂದ್ರ ಕೇಳಂಗಿಲ್ಲ ಇವು."

ಹಿರಿಯರು ಹೇಳಿದ್ದು ಅರ್ಧ ಸರಿ. ಉಳಿದರ್ಧ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯೋ ಉಪಕರಣ ತಂದರು. ಎರಡೇ ವರ್ಷದಲ್ಲಿ, 1898ರಲ್ಲಿ, ಬ್ರಿಟನ್ನಿನ ಲಿಯೊನಾರ್ಡ್ ಹಿಲ್ ಒಂದು ವಿಚಿತ್ರ ಬರೆದಿಟ್ಟರು. 400 ಗಜ ಬಿರುಸಾಗಿ ಓಡಿದ ಮೇಲೆ ಒತ್ತಡ ಮೊದಲಿದ್ದದ್ದಕ್ಕಿಂತ ಕೆಳಗಿಳಿದು, ಒಂದೂವರೆ ತಾಸು ಹಾಗೇ ಇತ್ತು! 400 ಗಜ ಅಂದರೆ, ಹೆಚ್ಚೂಕಡಿಮೆ ನಮ್ಮ ಹುಡುಗರ ಎಂಟು ಕಂಬದ ಓಟ.

ಆ ಕಾಲದ ನಮ್ಮ ಓಟಗಾರರಿಗೆ ಇದೆಲ್ಲ ಎಲ್ಲಿಂದ ಮುಟ್ಟಬೇಕು? 1920ರ ಆಂಟ್ವೆರ್ಪ್ ಒಲಿಂಪಿಕ್ಸ್‌ಗೆ ಹೋದ ಭಾರತದ ಪುಟ್ಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು, ನಮ್ಮ ಹುಬ್ಬಳ್ಳಿಯ ಕೈಕಾಡಿ ಇದ್ದರು. ಪುಣೆಯಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತರ ಮಕ್ಕಳನ್ನು ನೋಡಿ ಬೆರಗಾದ ದೊರಾಬ್ಜಿ ಟಾಟಾ ಈ ತಂಡ ಕಳಿಸಲು ಮುಂದಾದರು. ಚೌಗುಲೆ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಬಂದರು. ಕಾಲಲ್ಲಿ ಕಸುವಿತ್ತು. ಆ ಕಸುವಿಗೆ ಲೆಕ್ಕ ಕಲಿಸುವ ವಿದ್ಯೆ ಇನ್ನೂ ಬರಬೇಕಿತ್ತು.

ಅದು ಬಂದದ್ದು 1930ರ ದಶಕದಲ್ಲಿ, ಜರ್ಮನಿಯಿಂದ. ತರಬೇತುದಾರ ಗೆರ್ಶ್ಲರ್, ಹೃದಯ ವೈದ್ಯ ರೈಂಡೆಲ್ ಸೇರಿ ಇಂಟರ್ವಲ್ ಓಟಕ್ಕೆ ಲೆಕ್ಕ ಹಾಕಿದರು: ನಾಡಿ 180ಕ್ಕೆ ಏರುವವರೆಗೆ ಓಡು, 120ಕ್ಕೆ ಇಳಿಯುವವರೆಗೆ ಸುಧಾರಿಸಿಕೋ, ಮತ್ತೆ ಓಡು. ಗೆರ್ಶ್ಲರ್ ಶಿಷ್ಯ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದ. ಗಮನಿಸಿ, ಇಂಟರ್ವಲ್ ಅನ್ನೋದು ಓಟದ ಹೆಸರಲ್ಲ, ನಡುವಿನ ಬಿಡುವಿನ ಹೆಸರು. ಹೃದಯ ಗಟ್ಟಿಯಾಗೋದು ಆ ಬಿಡುವಿನಲ್ಲೇ ಅಂತ ಅವರು ನಂಬಿದ್ದರು.

ಇನ್ನು ಒತ್ತಡದ ವಿಷಯ. 1981ರಲ್ಲಿ ಫಿಟ್ಜೆರಾಲ್ಡ್ ಅನ್ನುವವರು ತಮ್ಮದೇ ಬಿ.ಪಿ. ಅಳೆದು ನೋಡಿದರು. ಜಾಗಿಂಗ್ ಮುಗಿದ ಮೇಲೆ ನಾಲ್ಕರಿಂದ ಹತ್ತು ತಾಸು ಅದು ಇಳಿದೇ ಇರುತ್ತಿತ್ತು. ಅಲ್ಲಿಂದ ಸಂಶೋಧನೆ ಬಿರುಸಾಯಿತು. ಬಿಟ್ಟು ಬಿಟ್ಟು ಓಡಿದರೂ ಈ ಇಳಿಕೆ ಬರುತ್ತೆ. ಬಿ.ಪಿ. ಹೆಚ್ಚಿರುವವರಲ್ಲಿ ಇಳಿಕೆಯೂ ಹೆಚ್ಚು.

ಕಾರಣ ಏನು? ಓಡುವಾಗ ಕಾಲಿನ ರಕ್ತನಾಳ ಅಗಲವಾಗುತ್ತವೆ. ನಿಂತ ಮೇಲೂ ಕೆಲ ಹೊತ್ತು ಅಗಲವಾಗೇ ಇರುತ್ತವೆ. ಮಿದುಳು ಕೂಡ ಒತ್ತಡದ ಮಟ್ಟವನ್ನು ಸ್ವಲ್ಪ ಕೆಳಗೆ ಹೊಂದಿಸಿಕೊಳ್ಳುತ್ತೆ. ಓಡುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತೆ. ಗಕ್ಕನೆ ನಿಂತರೆ ಆ ಪಂಪು ಬಂದ್. ರಕ್ತ ಕಾಲಲ್ಲೇ ಉಳಿಯುತ್ತೆ, ಕಣ್ಣಿಗೆ ಕತ್ತಲು ಬರುತ್ತೆ.

ಅಂದರೆ ಆ ಹುಡುಗನ ತಪ್ಪು ಓಡಿದ್ದಲ್ಲ. ನಿಂತ ರೀತಿ! ಐದು-ಹತ್ತು ನಿಮಿಷ ನಡೆದು ನಿಂತಿದ್ದರೆ ಬಹುಶಃ ಬೀಳುತ್ತಿರಲಿಲ್ಲ. ಆದರೆ ಓಡುತ್ತಿರುವಾಗಲೇ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಅದು ಬೇರೆ ಮಾತು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಕೇಳಿಸಿಕೊಂಡ ಹಿರಿಯರು ಮೆಲ್ಲಗೆ ಅಂದರು, "ನಾನೂ ಬಿ.ಪಿ. ಗುಳಗಿ ನುಂಗ್ತೀನ್ರಿ. ನಾನೂ ಓಡ್ಲೇನು?"

"ಮೊದಲು ಡಾಕ್ಟರ್‌ನ ಕೇಳ್ರಿ ಯಜಮಾನ್ರ. ಓಡ್ತೀನಿ ಅಂತ ಗುಳಗಿ ಮಾತ್ರ ಬಿಡಬ್ಯಾಡ್ರಿ. ಸದ್ಯಕ್ಕ ಬಿರಬಿರನೆ ನಡೀರಿ" ಅಂದೆ.

ಅಷ್ಟರಲ್ಲಿ ಆ ಹುಡುಗ ಎದ್ದಿದ್ದ. ಸರ್ಕಾರಿ ನೌಕರಿಯ ಕನಸು 1600 ಮೀಟರ್ ದೂರದಲ್ಲಿ ನಿಂತಿರುವಾಗ ಅವನಿಗೆ ಓಡಬೇಡ ಅನ್ನೋದು ಯಾವ ನ್ಯಾಯ? ನಿಲ್ಲೋದು ಹೇಗೆ ಅಂತ ಕಲಿಸೋಣ. 1898ರಲ್ಲೇ ಗೊತ್ತಾದ ಮಾತು ನವಲಗುಂದ ರಸ್ತೆಗೆ ಮುಟ್ಟೋಕೆ ಇನ್ನೆಷ್ಟು ವರ್ಷ ಬೇಕು?