ಹೊಳೆನರಸೀಪುರ: ತಾಲ್ಲೂಕು ಬೋರ್ಡಿನಿಂದ ದಿಲ್ಲಿಗೆ

ಹಾಸನದಿಂದ ಮೈಸೂರಿಗೆ ಹೋಗುವ ರೈಲುದಾರಿಯಲ್ಲಿ, ಹೇಮಾವತಿಯ ದಡದಲ್ಲಿದೆ ಹೊಳೆನರಸೀಪುರ. ಲಕ್ಷ್ಮೀನರಸಿಂಹಸ್ವಾಮಿಯ ಗುಡಿಯಿಂದ ಹೆಸರಾದ ಈ ಪೇಟೆಯನ್ನು ಇಂದು ನಾಡೆಲ್ಲ ಬಲ್ಲದ್ದು ರಾಜಕೀಯದಿಂದ.

ಹಳೇ ಮೈಸೂರಿನಲ್ಲಿ ರಾಜಕೀಯ ಬಹುಕಾಲ ಪೇಟೆಯ ವಕೀಲರು, ಓದಿದವರ ಕೈಲಿತ್ತು. ಹಳ್ಳಿಯ ಒಕ್ಕಲುಮಕ್ಕಳು ಕೋರ್ಟು ಕಚೇರಿಗೆ ಅರ್ಜಿ ಹಿಡಿದು ಬರುತ್ತಿದ್ದರೇ ಹೊರತು ಕುರ್ಚಿಯಲ್ಲಿ ಕೂರುತ್ತಿದ್ದುದು ಕಡಿಮೆ. 1952ರ ಮೊದಲ ಚುನಾವಣೆಯಲ್ಲಿ ಹೊಳೆನರಸೀಪುರದಿಂದ ಗೆದ್ದ ಎ.ಜಿ. ರಾಮಚಂದ್ರ ರಾವ್ ಕೆಂಗಲ್ ಹನುಮಂತಯ್ಯನವರ ಸಂಪುಟದಲ್ಲಿ ಶಿಕ್ಷಣ ಸಚಿವರಾದರು. 1957ರಲ್ಲಿ ಗೆದ್ದವರು ವೈ. ವೀರಪ್ಪ.

1962ರಲ್ಲಿ ಗಾಳಿ ತಿರುಗಿತು. ಆ ಚುನಾವಣೆಯಲ್ಲಿ ಇಬ್ಬರು ಎಳೆಯರು ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಬಂದರು. ಮಂಡ್ಯ ಸೀಮೆಯ ಮದ್ದೂರಿನಿಂದ ಗೆದ್ದ ಎಸ್.ಎಂ. ಕೃಷ್ಣ ಕಾನೂನು ಓದಿ, ಅಮೆರಿಕದಲ್ಲೂ ವ್ಯಾಸಂಗ ಮಾಡಿ ಬಂದವರು. ಹೊಳೆನರಸೀಪುರದಿಂದ ಗೆದ್ದವರು ಹರದನಹಳ್ಳಿಯ ಎಚ್.ಡಿ. ದೇವೇಗೌಡರು. 1933ರ ಮೇ 18ರಂದು ರೈತರ ಮನೆಯಲ್ಲಿ ಹುಟ್ಟಿ, ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಕಂಟ್ರಾಕ್ಟು ಕೆಲಸ ಹಿಡಿದಿದ್ದವರು. ಮುಂದೆ ಇಬ್ಬರೂ ಮುಖ್ಯಮಂತ್ರಿಗಳಾದರು.

ದೇವೇಗೌಡರಿಗೆ ಕಾಲೂರಲು ನೆಲ ಕೊಟ್ಟದ್ದು ಆಂಜನೇಯ ಸಹಕಾರ ಸಂಘ ಮತ್ತು ತಾಲ್ಲೂಕು ಅಭಿವೃದ್ಧಿ ಮಂಡಳಿ. ಈ ಮಾತನ್ನು ಒತ್ತಿ ಹೇಳಬೇಕು. ಮಂಡಳಿಯಲ್ಲಿ ಕೂತವನಿಗೆ ಕೆರೆಯ ತೂಬು, ರಸ್ತೆಯ ಮೋರಿ, ಶಾಲೆಯ ಹೆಂಚು, ಎಲ್ಲವೂ ಬರೀ ಭಾಷಣವಾಗಿ ಉಳಿಯುವುದಿಲ್ಲ. ಎಸ್ಟಿಮೇಟು ಎಷ್ಟು, ಬಿಲ್ಲು ಯಾರ ಮೇಜಿನ ಮೇಲೆ ನಿಂತಿದೆ, ಯಾವ ಹಳ್ಳಿಗೆ ಎಷ್ಟು ಬಂತು ಎಂದು ಬೆರಳೆಣಿಸಿ ಹೇಳಬೇಕಾಗುತ್ತದೆ. ಕಟ್ಟಡದ ಲೆಕ್ಕ ಬಲ್ಲ ಯುವಕನಿಗೆ ಇದು ಕೈಗೆ ಹತ್ತಿದ ಕೆಲಸ. ಕಾಂಗ್ರೆಸ್ ಟಿಕೆಟ್ ಕೊಡದಿದ್ದರೂ ಜನ ಓಟು ಕೊಟ್ಟದ್ದಕ್ಕೆ ಕಾರಣ ಇದೇ ಎಂದು ನಾನು ನಂಬುತ್ತೇನೆ.

1962ರಿಂದ ಸತತ ಆರು ಬಾರಿ ಅವರು ಇಲ್ಲಿಂದಲೇ ಗೆದ್ದರು. ಅಷ್ಟರಲ್ಲಿ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾಯಿತು. ನೀರು ಬಲದಂಡೆಯಲ್ಲಿ ಅರಕಲಗೂಡಿನತ್ತ, ಎಡದಂಡೆಯಲ್ಲಿ ಚನ್ನರಾಯಪಟ್ಟಣದತ್ತ ಹರಿಯಿತು. ಮುಳುಗಡೆಯಾದ ಹಳ್ಳಿಗಳವರು ಊರು ಬಿಟ್ಟರು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ನೀರಾವರಿ ಸಚಿವರಾಗಿದ್ದ ಗೌಡರು ನೀರಾವರಿಗೆ ಕೊಟ್ಟ ಹಣ ಸಾಲದೆಂದು ರಾಜೀನಾಮೆ ಕೊಟ್ಟದ್ದು ಈ ಕಾಲುವೆಗಳ ಸೀಮೆಗೆ ಗೊತ್ತು.

ಜಿಲ್ಲೆ ಒಬ್ಬರಿಗೇ ಬರೆದುಕೊಟ್ಟ ಜಹಗೀರಾಗಿರಲಿಲ್ಲ. ಎಚ್.ಎನ್. ನಂಜೇಗೌಡರು 1980 ಮತ್ತು 1984ರಲ್ಲಿ ಹಾಸನದ ಸಂಸದರಾದರು. 1989ರಲ್ಲಿ ಚನ್ನರಾಯಪಟ್ಟಣ ಸೀಮೆಯ ಎಚ್.ಸಿ. ಶ್ರೀಕಂಠಯ್ಯನವರು ಗೆದ್ದರು. ಅದೇ ವರ್ಷ ಹೊಳೆನರಸೀಪುರದಲ್ಲಿ ಜಿ. ಪುಟ್ಟಸ್ವಾಮಿಗೌಡರು ದೇವೇಗೌಡರನ್ನೇ ಸೋಲಿಸಿದರು. ಸೋತವರು 1991ರಲ್ಲಿ ಸಂಸದರಾಗಿ, 1994ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿಯಾಗಿ, 1996ರ ಜೂನ್ 1ರಂದು ಪ್ರಧಾನಿಯಾದರು. 2024ರಲ್ಲಿ ಅವರ ಮೊಮ್ಮಗನನ್ನು ಹಾಸನದಲ್ಲಿ ಸೋಲಿಸಿದ್ದು ಪುಟ್ಟಸ್ವಾಮಿಗೌಡರ ಮೊಮ್ಮಗ.

ನನಗೆ ನೋವಾಗುವುದು ಇಲ್ಲೇ. ಇಂದು ಈ ಸೀಮೆಯಲ್ಲಿ ಟಿಕೆಟ್ ಎಂದರೆ ಮನೆತನದ ಮಾತು. ತಂದೆ ತಾತಂದಿರ ಹೆಸರಿಲ್ಲದ ರೈತರ ಹುಡುಗ, ಸಣ್ಣ ವಕೀಲಿಕೆ ಮಾಡುವ ಹುಡುಗಿ ಮೇಲೆ ಬರಲು ಇದ್ದ ಮೆಟ್ಟಿಲು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳು. 2016ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತ ನಡೆಸಿದರು. ಯಾವ ಪಕ್ಷದವರೇ ಓಟು ಕೇಳಲು ನಿಮ್ಮ ಬಾಗಿಲಿಗೆ ಬರಲಿ, ಪಂಚಾಯಿತಿ ಚುನಾವಣೆಯನ್ನು ಇಷ್ಟು ವರ್ಷ ತಡೆದದ್ದು ಏಕೆ ಎಂದು ಮೊದಲು ಕೇಳಿ.