ಕಲ್ಲಿನ ಅಕ್ಷರ, ಬೆರಳಿನ ಅಕ್ಷರ

ಕೊಪ್ಪಳದ ಗವಿಮಠದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು ಅಶೋಕನ ಶಾಸನ ಇದೆ. ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗ್ತದ ಅನ್ನೋದು ಅದರ ತಾತ್ಪರ್ಯ. ಮಾತು ನಮ್ಮಂಥವರಿಗೇ ಆಡಿದ್ದು. ಆದರೆ ಬ್ರಾಹ್ಮಿ ಲಿಪಿ ಜನರಿಗೆ ಮರೆತುಹೋಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸುವ ತನಕ ದನ ಕಾಯೋನಿಂದ ಶಾಸ್ತ್ರಿಯವರೆಗೆ ಎಲ್ಲರೂ ಆ ಲಿಪಿಯ ಮುಂದೆ ಕುರುಡರೇ. ಕಣ್ಣಿತ್ತು, ಕೀಲಿಕೈ ಇರಲಿಲ್ಲ.

ಓದಲಾರದವನ ದೋಷ ಅವನ ಮೈಯಲ್ಲೇ ಇದೆ ಅನ್ನೋದು ಹಳೇ ಮೋಸ. 1948ರವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಿಜಾಮನ ಸಂಸ್ಥಾನದೊಳಗಿದ್ದವು. ಕಚೇರಿ ಕಾಗದ ಉರ್ದುವಿನಲ್ಲಿ. ಕನ್ನಡ ಬಲ್ಲವನೂ ಅಲ್ಲಿ ಇನ್ನೊಬ್ಬರ ಬಾಯಿ ಕಾಯಬೇಕಿತ್ತು. ಕೇರಿಯವನಿಗಂತೂ ಎರಡೂ ಬಾಗಿಲು ಬಂದ್. ನಮ್ಮಜ್ಜನ ಕಣ್ಣು ಚೊಕ್ಕ ಇದ್ದವು. ಅಕ್ಷರ ಕೊಡಲಿಲ್ಲ, ಅಷ್ಟೆ.

ಕಣ್ಣಿಲ್ಲದವರ ಬೀಗ ಒಡೆದವನು ಒಬ್ಬ ಚರ್ಮದ ಕೆಲಸದವನ ಮಗ. ಫ್ರಾನ್ಸಿನ ಲೂಯಿ ಬ್ರೈಲ್, ಹುಟ್ಟಿದ್ದು 1809ರಲ್ಲಿ. ಅಪ್ಪ ಕುದುರೆ ಜೀನು ಹೊಲಿಯುವವ. ಮೂರು ವರ್ಷದ ಕೂಸು ಅಪ್ಪನ ಆರಿಯಿಂದ ಕಣ್ಣು ಚುಚ್ಚಿಕೊಂಡಿತು; ನಂಜೇರಿ ಎರಡೂ ಕಣ್ಣು ಹೋದವು. ಅದೇ ಹುಡುಗ 1829ರಲ್ಲಿ ಆರು ಚುಕ್ಕೆಗಳ ಲಿಪಿಯನ್ನು ಪ್ರಕಟಿಸಿದ. ಕಣ್ಣು ಕಿತ್ತ ಆರಿಯಂಥದೇ ಮೊನೆಯಿಂದ ಕಾಗದ ಚುಚ್ಚಿ ಅಕ್ಷರ ಎಬ್ಬಿಸಿದ. ಆರಿ ಹಿಡಿದ ಕೈಗಳಿಗೆ ಈ ಕತೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ 1951ರಲ್ಲಿ ಭಾರತಿ ಬ್ರೈಲ್ ಬಂತು: ಕನ್ನಡದ ‘ಕ’ಕ್ಕೂ ಹಿಂದಿಯ ‘ಕ’ಕ್ಕೂ ಅವೇ ಎರಡು ಚುಕ್ಕೆ. ನೆರೆಯ ಗದಗಿನಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿ ಅಂಥ ಮಕ್ಕಳಿಗೆ ಸಂಗೀತ ಕಲಿಸಿದರು. ಹಾಡು ಸಿಕ್ಕಿತು. ಪುಸ್ತಕ?

ಪುಸ್ತಕಕ್ಕೆ ಕಾನೂನೂ ಅಡ್ಡ ನಿಂತಿತ್ತು. ಬ್ರೈಲ್ ಪ್ರತಿ ಮಾಡಲಿಕ್ಕೂ ಹಕ್ಕುದಾರನ ಅಪ್ಪಣೆ ಕೇಳಬೇಕಿತ್ತು. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆ ತಿದ್ದುಪಡಿಯಾಗಿ ಆ ಅಡ್ಡಿ ಹೋಯಿತು. 2013ರ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲಕ್ಕೂ ಮೊದಲು ಅನುಮೋದಿಸಿದ ದೇಶ ಭಾರತವೇ.

ಈಗ ಉಳಿದದ್ದು ನಮ್ಮ ಪಾಲಿನ ತಪ್ಪು. 1979ರಲ್ಲಿ ಬಂಡಾಯ ಸಂಘಟನೆ ಕಟ್ಟಿದವರ ವಾರಸುದಾರರು ನಾವು. ನಮ್ಮ ಕವಿತೆ ಎಷ್ಟು ಬೆರಳಿಗೆ ಮುಟ್ಟಿದೆ? ಯುನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡ, ಕಂಪ್ಯೂಟರ್ ಓದಿ ಹೇಳುವಾಗ ಬರೀ ಗದ್ದಲ. ಅದೇ ಯುನಿಕೋಡಿನಲ್ಲಿದ್ದರೆ ಕವಿತೆ. ಇಷ್ಟು ಮಾಡಲಿಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ.

ಗೆಳೆಯರೇ, ಮುಟ್ಟಬೇಡ ಅನ್ನಿಸಿಕೊಂಡ ಜನ ನಾವು. ಮುಟ್ಟಿ ಓದುವ ಅಕ್ಷರವನ್ನು ನಾವೇ ದೂರ ಇಟ್ಟರೆ, ನಮ್ಮ ಪದ್ಯವೂ ಗವಿಮಠದ ಬಂಡೆಯಂತೆ ಯಾರಿಗೂ ಕೇಳದೆ ಮಳೆಗೆ ತೊಯ್ತಾ ನಿಂತೀತು.